ಯಂತ್ರವೂ ಸರಳರೇಖೆಯೂ

ಕೈವಾರವೊಂದಿದ್ದರೆ ವೃತ್ತವನ್ನು ಎಳೆಯಬಹುದು. ಅದಕ್ಕೆ ಮಾದರಿಯಾಗಿ ಮತ್ತೊಂದು ವೃತ್ತ ಬೇಕಿಲ್ಲ. ನೆಟ್ಟನೆಯ ಗೆರೆಗಾದರೋ ನೆಟ್ಟನೆಯ ಪಟ್ಟಿಯೇ ಬೇಕು. ಆ ಪಟ್ಟಿಯನ್ನು ನೆಟ್ಟಗೆ ಮಾಡಿದವರಾರು? ಬಡಗಿಯನ್ನು ಕೇಳಿದರೆ ಬಣ್ಣದಲ್ಲಿ ಅದ್ದಿದ ದಾರವನ್ನು ಬಿಗಿದು ಮೀಟಿ ತೋರಿಸುತ್ತಾನೆ. ಎಳೆದ ದಾರ ನೆಟ್ಟಗಾಗುತ್ತದೆ, ದಿಟ. ಆದರೆ ದಾರಕ್ಕೆ ಎಳೆಯುವುದು ಗೊತ್ತೇ ಹೊರತು ತಳ್ಳುವುದು ಗೊತ್ತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟನಿಗೆ ಎದುರಾದ ತೊಡಕೂ ಇದೇ.

ಹಳೆಯ ಉಗಿಯಂತ್ರಗಳಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಮಾತ್ರ ಕೆಲಸ ಮಾಡುತ್ತಿತ್ತು. ಮೇಲಿನ ತೂಗುತೊಲೆಯ ತುದಿಯನ್ನು ಅದು ಸರಪಳಿಯಿಂದ ಎಳೆಯುತ್ತಿತ್ತು. ಅಷ್ಟಕ್ಕೆ ಸರಪಳಿ ಸಾಕು. ವಾಟನು 1782ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಉಗಿಯು ಪಿಸ್ಟನ್ನಿನ ಎರಡು ಬದಿಯಿಂದಲೂ ಒತ್ತುತ್ತಿತ್ತು. ಇಳಿಯುವಾಗ ಎಳೆಯಬೇಕು, ಏರುವಾಗ ತಳ್ಳಬೇಕು. ಸರಪಳಿಯ ಬದಲು ಗಟ್ಟಿ ದಂಡವನ್ನು ಜೋಡಿಸೋಣವೆಂದರೆ, ಪಿಸ್ಟನ್ನಿನ ದಾರಿ ಸರಳರೇಖೆ. ತೊಲೆಯ ತುದಿಯ ದಾರಿ ವೃತ್ತದ ತುಂಡು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟುವುದು ಹೇಗೆ?

1784ರಲ್ಲಿ ವಾಟನು ದಾರಿ ಕಂಡನು. ಎದುರುಬದುರಾಗಿ ತೂಗುವ ಎರಡು ತೋಳುಗಳು. ಅವುಗಳ ತುದಿಗಳನ್ನು ಕೂಡಿಸುವ ಒಂದು ಕೊಂಡಿ. ಒಂದು ತೋಳು ಎಡಕ್ಕೆ ಸೆಳೆದರೆ ಇನ್ನೊಂದು ಬಲಕ್ಕೆ ಸೆಳೆಯುತ್ತದೆ. ಕೊಂಡಿಯ ನಡುವಣ ಬಿಂದು ಬಹುಮಟ್ಟಿಗೆ ನೆಟ್ಟಗೆ ಚಲಿಸುತ್ತದೆ. ಬಹುಮಟ್ಟಿಗೆ ಮಾತ್ರ. ಆದರೂ ತನ್ನ ನಿರ್ಮಾಣಗಳಲ್ಲೆಲ್ಲ ಇದರ ಬಗೆಗೇ ತನಗೆ ಹೆಚ್ಚಿನ ಹೆಮ್ಮೆಯೆಂದು ಮುಪ್ಪಿನಲ್ಲಿ, 1808ರಲ್ಲಿ, ಅವನು ಮಗನಿಗೆ ಬರೆದನು.

ಆ ಉಳಿದ ಚೂರು ಡೊಂಕು ರಷ್ಯದ ಗಣಿತಜ್ಞ ಚೆಬಿಶೆವನನ್ನು ಕಾಡಿತು. 1852ರಲ್ಲಿ ಪಶ್ಚಿಮ ಯೂರೋಪಿನ ಕಾರ್ಖಾನೆಗಳನ್ನು ಸುತ್ತಿಬಂದ ಆತ, ಡೊಂಕನ್ನು ಎಷ್ಟು ಕನಿಷ್ಠಕ್ಕೆ ಇಳಿಸಬಹುದೆಂದು ಕೇಳಿಕೊಂಡನು. 1854ರ ಅವನ ಪ್ರಬಂಧದಿಂದ ಗಣಿತದಲ್ಲಿ ಒಂದು ಹೊಸ ಶಾಖೆಯೇ ಚಿಗುರಿತು.

ಕೊನೆಗೆ 1864ರಲ್ಲಿ ಪೊಸೆಲಿಯೆ ಎಂಬ ಫ್ರೆಂಚ್ ಸೇನಾ ಇಂಜಿನಿಯರನು ಒಂದೇ ಸಮತಲದಲ್ಲಿ ಆಡುವ ಏಳು ಪಟ್ಟಿಗಳನ್ನು ಜೋಡಿಸಿ ನಿಜವಾದ ಸರಳರೇಖೆಯನ್ನು ಪಡೆದನು. ಚೆಬಿಶೆವನ ಶಿಷ್ಯ ಲಿಪ್ಕಿನನೂ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡನು. 1874ರಲ್ಲಿ ಸಿಲ್ವೆಸ್ಟರ್ ಲಂಡನ್ನಿನಲ್ಲಿ ಇದನ್ನು ಕುರಿತು ಉಪನ್ಯಾಸ ಮಾಡಿದನು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ಥಾಮ್ಸನ್ನನಿಗೆ ಮಾದರಿಯನ್ನು ಕೊಟ್ಟಾಗ, ಆತ ಅದನ್ನು ಮಗುವಿನಂತೆ ಎತ್ತಿಕೊಂಡು, ಹಿಂದಿರುಗಿಸಲು ಒಲ್ಲದೆಹೋದನಂತೆ.

ಆ ಹೊತ್ತಿಗೆ ಲೋಹವನ್ನು ಸಮತಟ್ಟಾಗಿ ಹೆರೆಯುವ ಯಂತ್ರಗಳು ಬಂದಿದ್ದವು. ನೆಟ್ಟನೆಯ ಗಾಡಿಯಲ್ಲೇ ಪಿಸ್ಟನ್ನಿನ ದಂಡವನ್ನು ಜಾರಿಸುವುದು ಸುಲಭವಾಗಿತ್ತು. ಎಂಬತ್ತು ವರ್ಷ ಹುಡುಕಿದ ಪರಿಪೂರ್ಣ ಉತ್ತರಕ್ಕೆ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸವೇ ಉಳಿದಿರಲಿಲ್ಲ.

ಹಾಗೆಂದು ಹುಡುಕಾಟ ವ್ಯರ್ಥವಾಯಿತೆ? ಇಂತಹ ಪ್ರಶ್ನೆಗಳೇ ಕಮ್ಮಟದ ಕೈಚಳಕವನ್ನು ಶಾಸ್ತ್ರದ ಹೊಸ್ತಿಲಿಗೆ ತಂದವು. 1875ರಲ್ಲಿ ಜರ್ಮನಿಯ ರೂಲೊ ಯಂತ್ರಗಳ ಚಲನೆಗೆ ಒಂದು ವ್ಯಾಕರಣವನ್ನೇ ಬರೆದನು. ಚೆಬಿಶೆವನ ಬಹುಪದಗಳು ಇಂದು ಗಣಕಯಂತ್ರಗಳ ಲೆಕ್ಕದಲ್ಲಿವೆ. ವಾಟನ ಅಪೂರ್ಣ ಜೋಡಣೆ ಇಂದಿಗೂ ಕೆಲವು ಮೋಟಾರು ಕಾರುಗಳ ಹಿಂದಿನ ಅಚ್ಚು ಅತ್ತಿತ್ತ ಸರಿಯದಂತೆ ಹಿಡಿದಿದೆ. ಪೊಸೆಲಿಯೆಯ ಏಳು ಪಟ್ಟಿಗಳನ್ನು ರಟ್ಟು, ಗುಂಡುಸೂಜಿಗಳಿಂದ ಮನೆಯಲ್ಲೇ ಮಾಡಿ ನೋಡಬಹುದು. ಅಳತೆಪಟ್ಟಿಯ ಹಂಗಿಲ್ಲದೆ ಗೆರೆ ನೆಟ್ಟಗೆ ಮೂಡುವುದನ್ನು ಕಂಡವರಿಗೆ ಥಾಮ್ಸನ್ನನ ಮೋಹ ಅರ್ಥವಾಗದಿರದು.