ಜೀನಿನಾಚೆಯ ಅಪ್ಪಣೆ

ಯಕೃತ್ತಿನ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಆದರೂ ಮನುಷ್ಯನ ಸುಮಾರು 20,000 ಪ್ರೋಟೀನ್ ಜೀನುಗಳಲ್ಲಿ ಯಾವುದರ ಆರ್‌ಎನ್‌ಎ ನಕಲು ಎಲ್ಲಿ, ಯಾವಾಗ, ಎಷ್ಟು ಇಳಿಯಬೇಕು ಎಂಬ ಲೆಕ್ಕ ಕೋಶದಿಂದ ಕೋಶಕ್ಕೆ ಬೇರೆ. ಈ ಅಪ್ಪಣೆ ಎಲ್ಲಿಂದ ಬರುತ್ತದೆ? ಅರವತ್ತು ವರ್ಷಗಳ ಹುಡುಕಾಟದಲ್ಲಿ ಉತ್ತರ ಜೀನಿನಿಂದ ದೂರ ದೂರ ಸರಿಯುತ್ತಲೇ ಬಂದಿದೆ. ಆ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಇದೆ.

1961ರಲ್ಲಿ ಜಾಕೋಬ್ ಮತ್ತು ಮೊನೊ ಬ್ಯಾಕ್ಟೀರಿಯಾದಲ್ಲಿ ಜೀನಿನ ಮಗ್ಗುಲಲ್ಲೇ ಅದರ ನಿಯಂತ್ರಣವಿದೆ ಎಂದು ತೋರಿಸಿದರು. ಸಸ್ತನಿಗಳ ವಿಷಯ ಅಷ್ಟು ಸರಳವಾಗಿರಲಿಲ್ಲ. 1977ರಲ್ಲಿ ಜೀನು ತುಂಡುತುಂಡಾಗಿದೆ, ನಡುವೆ ಪ್ರೋಟೀನಿಗೆ ಬೇಡದ ಭಾಗಗಳಿವೆ ಎಂಬುದು ಬಯಲಾಯಿತು. ನಕಲು ಶುರುವಾಗುವ ಜಾಗದ ಆಸುಪಾಸಿನ ಭಾಗವೇ ಪ್ರೊಮೋಟರ್. ಅಲ್ಲಿ 'ಟಾಟಾ' ಎಂಬ ಅಕ್ಷರಗುಚ್ಛ ಸಿಕ್ಕಾಗ ಗುಟ್ಟು ತಿಳಿಯಿತೆಂದೇ ಅನ್ನಿಸಿತ್ತು. ಆದರೆ ಸಸ್ತನಿಗಳ ಬಹುಪಾಲು ಪ್ರೊಮೋಟರುಗಳಲ್ಲಿ ಆ ಗುಚ್ಛವೇ ಇಲ್ಲ.

ಹಾಗಾದರೆ ಪ್ರೊಮೋಟರನ್ನು ಗುರುತಿಸುವುದು ಹೇಗೆ? ಭಾರತೀಯ ವಿಜ್ಞಾನ ಸಂಸ್ಥೆಯ ಮಂಜು ಬನ್ಸಲ್ ಅಕ್ಷರಕ್ಕಿಂತ ಡಿಎನ್‌ಎಯ ಮೈಕಟ್ಟಿನ ಕಡೆ ನೋಡಿದರು. 2005ರಲ್ಲಿ ಅದಿತಿ ಕನ್ಹೆರೆ ಜೊತೆ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರೊಮೋಟರ್ ಭಾಗದ ಎರಡೆಳೆಗಳು ಅಕ್ಕಪಕ್ಕದ ಭಾಗಗಳಿಗಿಂತ ಸಡಿಲ. ಬ್ಯಾಕ್ಟೀರಿಯಾದಿಂದ ಕಶೇರುಕಗಳವರೆಗೂ ಈ ಲಕ್ಷಣ ಕಾಣುತ್ತದೆ. 2001ರಲ್ಲಿ ಶುರುವಾದ, ಜೈವಿಕ ಮಾಹಿತಿ ವಿಜ್ಞಾನದ ಐಬಿಎಬಿ ಸಂಸ್ಥೆಯ ಸ್ಥಾಪಕ ನಿರ್ದೇಶಕಿಯೂ ಇವರೇ. ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿದ್ದ ಆ ಸಂಸ್ಥೆ ಈಗ ಇರುವುದು ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿ. ಅಲ್ಲಿ ಕ್ಷಿತೀಶ್ ಆಚಾರ್ಯ ಅವರ ತಂಡ ಮನುಷ್ಯ ಮತ್ತು ಇಲಿಗಳ ವೃಷಣದಲ್ಲಿ ಯಾವ ಜೀನು ಎಚ್ಚರವಾಗಿದೆ, ಯಾವುದು ಮಲಗಿದೆ ಎಂದು ಪ್ರಪಂಚದ ಹಲವು ಪ್ರಯೋಗಗಳ ಫಲಿತಾಂಶ ತಾಳೆ ಹಾಕಿ 2010ರಲ್ಲಿ ದತ್ತಕೋಶವೊಂದನ್ನು ಕಟ್ಟಿತು.

ಇದಕ್ಕೆಲ್ಲ ಬಹಳ ಮೊದಲೇ ಹುಡುಕಾಟ ಪ್ರೊಮೋಟರನ್ನು ದಾಟಿತ್ತು. 1981ರಲ್ಲಿ ಜ್ಯೂರಿಕ್‌ನ ಶಾಫ್ನರ್ ತಂಡ ಎಸ್‌ವಿ40 ವೈರಸ್ಸಿನ ಡಿಎನ್‌ಎ ತುಂಡೊಂದನ್ನು ಗ್ಲೋಬಿನ್ ಜೀನಿಗೆ ಜೋಡಿಸಿದಾಗ ಅದರ ನಕಲು ಸುಮಾರು 200 ಪಟ್ಟು ಏರಿತು. ತುಂಡನ್ನು ತಿರುವಿಟ್ಟರೂ, ದೂರವಿಟ್ಟರೂ ಕೆಲಸ ನಿಲ್ಲಲಿಲ್ಲ. ಇದೇ ಎನ್‌ಹ್ಯಾನ್ಸರ್. ಕೈಕಾಲಿನ ಬೆರಳುಗಳನ್ನು ರೂಪಿಸುವ ಜೀನಿನ ಎನ್‌ಹ್ಯಾನ್ಸರ್ ಇರುವುದು ಸುಮಾರು ಹತ್ತು ಲಕ್ಷ ಅಕ್ಷರ ಆಚೆ, ಬೇರೊಂದು ಜೀನಿನ ಹೊಟ್ಟೆಯೊಳಗೆ. ಅಲ್ಲೊಂದು ಅಕ್ಷರ ತಪ್ಪಿದರೆ ಆರನೇ ಬೆರಳು ಮೂಡಬಹುದು. ಎನ್‌ಹ್ಯಾನ್ಸರುಗಳೂ ಆರ್‌ಎನ್‌ಎ ಹೊರಡಿಸುತ್ತವೆ. ಈಸ್ಟ್ರೋಜನ್ನಿಗೆ ಸ್ಪಂದಿಸುವ ಜೀನುಗಳಲ್ಲಿ ಆ ಆರ್‌ಎನ್‌ಎಗೂ ಕೆಲಸವಿದೆ ಎಂದು 2013ರಲ್ಲಿ ತೋರಿಸಿದವರಲ್ಲಿ ಒಬ್ಬರು ಡಿಂಪಲ್ ನೋತಾನಿ. ಮುಂದೆ ಅವರು ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಪ್ರಯೋಗಾಲಯ ಕಟ್ಟಿದರು.

ದೂರದ ತುಂಡು ಕೆಲಸ ಮಾಡಬೇಕಾದರೂ ಡಿಎನ್‌ಎ ಕೈಗೆಟುಕಬೇಕಲ್ಲ. ಕದಿರಿಗೆ ಸುತ್ತಿದ ನೂಲಿನಂತೆ ಅದು ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿದರೆ ಸುತ್ತು ಸಡಿಲವಾಗಿ ನಕಲಿಗೆ ಅನುವಾಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಈ ಅಂಟಿಸುವ ಕಿಣ್ವಗಳನ್ನು ತಡೆಯುವ ವಸ್ತುಗಳನ್ನು ಹುಡುಕಿತು. 2003ರಲ್ಲಿ ಗೇರುಬೀಜದ ಚಿಪ್ಪಿನ ಎಣ್ಣೆಯ ಅನಕಾರ್ಡಿಕ್ ಆಮ್ಲ ಸಿಕ್ಕಿತು. 2004ರಲ್ಲಿ ಗಾರ್ಸಿನಾಲ್, ಅಂದರೆ ಕರಾವಳಿಯವರು ಸಾರು, ಶರಬತ್ತು ಮಾಡುವ ಪುನರ್ಪುಳಿಯ ಸಿಪ್ಪೆಯಲ್ಲಿರುವ ವಸ್ತು. ಪ್ರಯೋಗಾಲಯದ ಕೋಶಗಳಿಗೆ ಅದನ್ನು ಕೊಟ್ಟಾಗ ಅನೇಕ ಜೀನುಗಳ ನಕಲು ಒಟ್ಟಿಗೇ ತಗ್ಗಿತು. ಪುನರ್ಪುಳಿ ಔಷಧಿಯಾಯಿತು ಎಂದು ಇದರರ್ಥವಲ್ಲ. ಜೀನಿನ ಒಂದಕ್ಷರವನ್ನೂ ಮುಟ್ಟದೆ ಅದರ ಸದ್ದಡಗಿಸಬಹುದು ಎಂಬುದಕ್ಕೆ ಪುರಾವೆ. ಅದೇ ಕೇಂದ್ರದಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಇಲಿಯ ವೃಷಣದ ಕೋಶಗಳಲ್ಲಿ ಪ್ರೋಟೀನನ್ನೇ ಮಾಡದ 'ಎಂಆರ್‌ಎಚ್‌ಎಲ್' ಎಂಬ ಆರ್‌ಎನ್‌ಎಯ ಬೆನ್ನು ಹತ್ತಿದರು. ಅದು ಸಾಕ್ಸ್8 ಜೀನನ್ನು ಅದುಮಿಡುತ್ತದೆ.

ಇಷ್ಟೆಲ್ಲ ತಿಳಿದು ಏನು ಪ್ರಯೋಜನ? ಮೈಸೂರು, ಚಾಮರಾಜನಗರದ ಗಿರಿಜನರಲ್ಲಿ ಕಾಣುವ ಕುಡಗೋಲು ಕಣ ರೋಗ ಉತ್ತರ ಹೇಳುತ್ತದೆ. ರೋಗಕ್ಕೆ ಕಾರಣ ಬೀಟಾ ಗ್ಲೋಬಿನ್ ಜೀನಿನ ಒಂದು ಅಕ್ಷರ. ಭಾರತದ ಬಹಳಷ್ಟು ರೋಗಿಗಳಲ್ಲಿ ಗಾಮಾ ಗ್ಲೋಬಿನ್ ಜೀನಿನ ಪ್ರೊಮೋಟರಿನಲ್ಲೂ ಒಂದು ಅಕ್ಷರ ಬದಲಾಗಿದೆ. ಅದರಿಂದ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದು ಬಾಧೆ ತಗ್ಗುತ್ತದೆ. 2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿದ ಕ್ಯಾಸ್ಜೆವಿ ಚಿಕಿತ್ಸೆಯೂ ಇದೇ ಜಾಡಿನದು: ರೋಗದ ಜೀನನ್ನು ಬಿಟ್ಟು, ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನನ್ನು ಅದುಮಿಡುವ ಬಿಸಿಎಲ್11ಎ ಜೀನಿನ ಎನ್‌ಹ್ಯಾನ್ಸರನ್ನು ಕತ್ತರಿಸುತ್ತದೆ. ಆ ಎನ್‌ಹ್ಯಾನ್ಸರ್ ಕೆಂಪು ರಕ್ತಕಣಗಳಿಗಷ್ಟೇ ಸಂಬಂಧಿಸಿದ್ದರಿಂದ ಉಳಿದ ಕೋಶಗಳಲ್ಲಿ ಆ ಜೀನಿಗೆ ಧಕ್ಕೆಯಿಲ್ಲ.

2025ರಲ್ಲಿ ಬಂದ ಗೂಗಲ್ ಡೀಪ್‌ಮೈಂಡಿನ ಆಲ್ಫಾಜೀನೋಮ್ ಹತ್ತು ಲಕ್ಷ ಅಕ್ಷರಗಳನ್ನು ಒಟ್ಟಿಗೆ ಓದಿ, ಒಂದು ಬದಲಾದರೆ ನಕಲು ಹೇಗೆ ಏರುಪೇರಾದೀತು ಎಂದು ಊಹಿಸುತ್ತದೆ. ಊಹೆ ನಿಜವೇ ಎಂದು ಹೇಳಬೇಕಾದದ್ದು ಮಾತ್ರ ಕೋಶವೇ. ಕಂಪ್ಯೂಟರಿನ ಲೆಕ್ಕಕ್ಕೂ ಕೋಶದ ಪರೀಕ್ಷೆಗೂ ಒಂದೇ ಊರಿನಲ್ಲಿ ಜಾಗವಿರುವ ಬೆಂಗಳೂರು, ನಮ್ಮ ಗಿರಿಜನರ ನಿಯಂತ್ರಕ ಡಿಎನ್‌ಎಯನ್ನು ಓದುವ ಕೆಲಸವನ್ನು ಹೊರಗಿನವರಿಗೆ ಬಿಟ್ಟುಕೊಡಬೇಕಿಲ್ಲ.