ಮುಳ್ಳು ಕದಲದೆಯೂ ಎಂಜಿನ್ ಕುದಿಯಬಹುದು

ರಾಜಾಜಿನಗರದಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ 97ರ ಹತ್ತಿರವೇ ಕುದಿ ಬರುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಾದರೆ 94ರೊಳಗೇ. ಅಡುಗೆಮನೆಯಲ್ಲಿ ಈ ಕೆಲವು ಡಿಗ್ರಿಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಡೀಸೆಲ್ ಜೀಪಿನ ಬಾನೆಟ್ಟಿನ ಕೆಳಗೆ ಮಾತ್ರ ಲೆಕ್ಕವೆಲ್ಲ ಅವುಗಳದ್ದೇ. ಆ ಎಂಜಿನ್ ಹದವಾಗಿ ಓಡುವುದೇ 80ರಿಂದ 95 ಡಿಗ್ರಿಯ ನಡುವೆ.

ಉರಿದ ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಚಕ್ರಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಉಳಿದದ್ದರ ಬಹುಭಾಗವನ್ನು ನೀರು ಹೊರಬೇಕು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ವೇಗ ಹಿಡಿದ ಗಾಡಿಗೆ ಇದು ಕಷ್ಟವಲ್ಲ. ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಕೊಡಚಾದ್ರಿಗೆ ಅಥವಾ ಮಡಿಕೇರಿ ಬಳಿಯ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ತುಂಬಿಕೊಂಡು ಮೊದಲ ಗೇರಿನಲ್ಲಿ ತೆವಳುವ ಜೀಪಿನ ಪಾಡು ಬೇರೆ. ಎಂಜಿನ್ ಮೇಲೆ ಪೂರ್ತಿ ಭಾರ, ಗಾಳಿ ಮಾತ್ರ ನಡಿಗೆಯ ವೇಗದ್ದು. ಅಲ್ಲಿ ಫ್ಯಾನೊಂದೇ ಗತಿ.

ಮಹೀಂದ್ರ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಇಳಿದಾಗ ಅವು ಪೆಟ್ರೋಲ್ ಗಾಡಿಗಳು. ಡೀಸೆಲ್ ಬಂದದ್ದು ಆಮೇಲೆ. 1980ರ ದಶಕದಲ್ಲಿ ಹೆಸರು ಮಾಡಿದ್ದು ಪ್ಯೂಜೊ ಮೂಲದ ಎಕ್ಸ್‌ಡಿಪಿ 4.90: 2,112 ಸಿಸಿ, ಅರವತ್ತರ ಆಸುಪಾಸಿನ ಅಶ್ವಶಕ್ತಿ. ಡೀಸೆಲನ್ನು ಮೊದಲು ಪುಟ್ಟ ಕೋಣೆಯೊಂದರಲ್ಲಿ ಉರಿಸಿ ಸಿಲಿಂಡರಿಗೆ ಬಿಡುವ ಈ ಬಗೆಯ ಎಂಜಿನ್ನುಗಳು ಗೋಡೆಗಳ ಮೂಲಕ ನೀರಿಗೆ ಹೆಚ್ಚು ಶಾಖ ಸುರಿಯುತ್ತವೆ. ಆದರೂ ಬಾಳಿದವು. ಶಕ್ತಿ ಕಡಿಮೆ, ಕಬ್ಬಿಣ ದಪ್ಪ, ಡ್ರೈವರ್‌ನ ಮೂಗು ಚುರುಕು ಎಂಬುದಷ್ಟೇ ನನಗೆ ತೋಚುವ ಕಾರಣ. ಘಾಟಿಯಲ್ಲಿ ಗಾಡಿ ಹೀಟಾದರೆ ಅವನು ಪಕ್ಕಕ್ಕೆ ಹಾಕುತ್ತಿದ್ದ, ಎಂಜಿನ್ ಬಂದ್ ಮಾಡದೆ ಐಡ್ಲಿಂಗಿನಲ್ಲಿ ಬಿಡುತ್ತಿದ್ದ. ಬಂದ್ ಮಾಡಿದರೆ ಪಂಪೂ ನಿಂತು, ಸಿಲಿಂಡರ್ ಹೆಡ್‌ನ ಸುತ್ತ ಸಿಕ್ಕಿಕೊಂಡ ನೀರು ಅಲ್ಲೇ ಕುದಿಯುತ್ತದೆಂದು ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಅದೇ ಡ್ರೈವರ್ ಇನ್ನೊಂದು ಕೆಲಸವನ್ನೂ ಮಾಡಿಸುತ್ತಿದ್ದ: ಥರ್ಮೋಸ್ಟಾಟ್ ಕಿತ್ತು ಎಸೆಯುವುದು. ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿಯ ಕವಾಟ ತೆರೆಯುವ ಈ ಸಾಧನ 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವೆರ್ನೆಟ್ ರೂಪಿಸಿದ್ದು. ‘ನಮ್ಮ ಸೆಕೆಗೆ ಇದ್ಯಾಕೆ’ ಎಂಬುದು ಗ್ಯಾರೇಜಿನ ವಾದ. ಕೆಲವು ಎಂಜಿನ್ನುಗಳಲ್ಲಿ ಅದೇ ಥರ್ಮೋಸ್ಟಾಟ್ ಬಿಸಿಯಾದ ಮೇಲೆ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಕಿತ್ತರೆ ಒಂದಷ್ಟು ಬಿಸಿನೀರು ರೇಡಿಯೇಟರಿನ ಮುಖ ನೋಡದೆ ವಾಪಸು ಎಂಜಿನ್ನಿಗೇ ಬರುತ್ತದೆ. ತಂಪು ಬಯಸಿದವನಿಗೆ ಘಾಟಿಯಲ್ಲಿ ಸಿಗುವುದು ಇನ್ನಷ್ಟು ಬಿಸಿ. ಈ ರೂಢಿ ಇಂದಿಗೂ ಪೂರ್ತಿ ಸತ್ತಿಲ್ಲ.

ನೀರಿನ ಕಥೆಯೂ ಇದೆ. 1933ರಿಂದ ನಗರಕ್ಕೆ ನೀರು ಕೊಟ್ಟ ತಿಪ್ಪಗೊಂಡನಹಳ್ಳಿ ಜಲಾಶಯ ಇರುವುದು ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲೇ, ಮಾಗಡಿ ರಸ್ತೆಯ ಕಡೆ. ಬಡಾವಣೆಗಳು ಬೆಳೆದ ಹಾಗೆ ಬೋರ್‌ವೆಲ್ ಬಂತು. ಸ್ನಾನದ ಕೊಳಾಯಿಗೆ ಬಿಳಿ ಪೊರೆ ಕಟ್ಟುವ ಆ ಗಡಸು ನೀರೇ ರೇಡಿಯೇಟರಿಗೂ ಹೋಯಿತು. ಸುಣ್ಣದ ಪೊರೆ ಎರಕದ ಕಬ್ಬಿಣ ದಾಟಿಸುವ ಶಾಖದ ಇಪ್ಪತ್ತನೇ ಒಂದು ಪಾಲನ್ನೂ ದಾಟಿಸದು. ಆ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ರಿಪೇರಿ ಮಾಡಬಹುದಿತ್ತು: ಮೇಲಿನ ಟ್ಯಾಂಕ್ ಬಿಚ್ಚಿ, ನಳಿಕೆಗಳೊಳಗೆ ಕಂಬಿ ಆಡಿಸಿ ಪೊರೆ ಕೆರೆದು, ಮತ್ತೆ ಬೆಸುಗೆ ಹಾಕುವುದು. ಅಲ್ಯುಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಸೇರಿಸಿದ ಹಗುರ ರೇಡಿಯೇಟರು ಬಂದ ಮೇಲೆ ಆ ಕೈಕೆಲಸಕ್ಕೆ ಬೆಲೆ ಕುಗ್ಗಿತು. ಟ್ಯಾಂಕ್ ಸೀಳಿತೆಂದರೆ ಬದಲಿಸುವುದೇ. ಕೂಲೆಂಟ್ ಕಡ್ಡಾಯವಾದದ್ದೂ ಹೀಗೆಯೇ. ಕೂಲೆಂಟಿನ ಗ್ಲೈಕಾಲ್ ಇಲ್ಲಿ ಬೇಕಾಗುವುದು ಹಿಮಕ್ಕೆ ಹೆದರಿ ಅಲ್ಲ, ಅದರೊಡನೆ ಬರುವ ತುಕ್ಕುನಿರೋಧಕಕ್ಕಾಗಿ ಮತ್ತು ಕುದಿಬಿಂದು ಏರಿಸುವುದಕ್ಕಾಗಿ.

ಕುದಿಬಿಂದುವಿನ ದೊಡ್ಡ ಏರಿಕೆ ಮಾತ್ರ ಮುಚ್ಚಳದ್ದು. ಕುಕ್ಕರಿನ ವೆಯ್ಟಿನಂತೆ 0.9 ಬಾರ್ ಒತ್ತಡ ಹಿಡಿಯುವ ರೇಡಿಯೇಟರ್ ಕ್ಯಾಪ್ ಬೆಂಗಳೂರಿನಲ್ಲೂ ಬರೀ ನೀರಿನ ಕುದಿಬಿಂದುವನ್ನು 117 ಡಿಗ್ರಿಯ ಸುತ್ತಮುತ್ತ ಒಯ್ಯುತ್ತದೆ. ಅದರ ರಬ್ಬರ್ ವಾಷರ್ ಸವೆದರೆ ಮತ್ತೆ 97ಕ್ಕೆ ಇಳಿದೆವು. ಇಡೀ ವ್ಯವಸ್ಥೆಯ ಅತಿ ಅಗ್ಗದ ಭಾಗ, ಎಲ್ಲರೂ ಕಡೆಗೆ ನೋಡುವ ಭಾಗ.

ಕೆಂಗೇರಿಯಿಂದ ಮುಂದೆ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ನೆಲೆಯೂರಿತು. 2009ರಲ್ಲಿ ಅಲ್ಲಿಂದ 2,982 ಸಿಸಿಯ ಕಾಮನ್ ರೈಲ್ ಡೀಸೆಲ್ ಫಾರ್ಚುನರ್ ಬಂತು. ಮಹೀಂದ್ರದ 2020ರ ಥಾರ್ 2.2 ಲೀಟರಿನಿಂದಲೇ 130 ಅಶ್ವಶಕ್ತಿ ತೆಗೆಯುತ್ತದೆ, ಅಂದರೆ ಹಳೆಯ ಪ್ಯೂಜೊದ ಎರಡು ಪಟ್ಟು. ಈ ಪೀಳಿಗೆಯಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಪ್ರತಿ ಅಶ್ವಶಕ್ತಿಗೆ ನೀರು ಹೊರುವ ಶಾಖ ತಗ್ಗಿದೆ. ಆದರೆ ರೇಡಿಯೇಟರಿನ ಮುಂದೆ ಏಸಿಯ ಕಂಡೆನ್ಸರು, ಜೊತೆಗೆ ಟರ್ಬೊದ ಇಂಟರ್‌ಕೂಲರು. ಹೆಡ್ ಅಲ್ಯುಮಿನಿಯಂನದು, ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹೆಡ್ ಬೆಂಡಾಗಿ ಗ್ಯಾಸ್ಕೆಟ್ ಹೋದರೆ ಉರಿಯ ಅನಿಲ ನೀರಿನ ದಾರಿಗೆ ನುಗ್ಗಿ ‘ಗಾಡಿ ನೀರು ಎಸೀತಿದೆ’ ಎಂಬ ಹಂತ ತಲಪುತ್ತದೆ. ಹಳೆಯದು ಎರಡು ಸಲ ಕುದಿದರೂ ಕ್ಷಮಿಸುತ್ತಿತ್ತು. ಹೊಸದರಲ್ಲಿ ಒಂದೇ ಸಲ ಸಾಕಾಗಬಹುದು.

ಇಷ್ಟು ಸೂಕ್ಷ್ಮವಾದ ಎಂಜಿನ್ನಿಗೆ ತಯಾರಕರು ಕೊಟ್ಟ ಮೀಟರು ಮಾತ್ರ ಮೊದಲಿಗಿಂತ ಮೊಂಡು. ಹಳೆಯ ಗೇಜಿನ ಮುಳ್ಳು ಏರಿಳಿಯುತ್ತ ಡ್ರೈವರನ್ನು ಎಚ್ಚರವಾಗಿಟ್ಟಿತ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ 80ರಿಂದ 100 ದಾಟುವವರೆಗೂ ಮುಳ್ಳು ನಡುವೆ ಅಲ್ಲಾಡದೆ ನಿಲ್ಲುವಂತೆ ಸಾಫ್ಟ್‌ವೇರ್ ಬರೆದಿಟ್ಟಿರುತ್ತಾರೆ. ಗಿರಾಕಿ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಬರಬಾರದಲ್ಲ. ಕೆಲವದರಲ್ಲಿ ಮುಳ್ಳೂ ಇಲ್ಲ, ಕೆಂಪು ದೀಪ ಮಾತ್ರ. ಇದನ್ನು ಪ್ರಗತಿ ಎನ್ನಲು ನನಗೆ ಮನಸ್ಸು ಬಾರದು.

ಕಾಡುದಾರಿಯ ಹವ್ಯಾಸಿಗಳು ಕಳೆದುಕೊಂಡದ್ದನ್ನು ತಾವೇ ಮರಳಿ ಪಡೆಯತೊಡಗಿದ್ದಾರೆ. ಭಾರತದಲ್ಲಿ 2013ರಿಂದ ಕಾರುಗಳಿಗೆ ದೋಷಪತ್ತೆಯ ಓಬಿಡಿ-2 ವ್ಯವಸ್ಥೆ ಬಂದದ್ದರಿಂದ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಪುಟ್ಟ ಬ್ಲೂಟೂತ್ ರೀಡರ್ ಚುಚ್ಚಿ ನಿಜವಾದ ಅಂಕಿಯನ್ನು ಮೊಬೈಲಿನಲ್ಲೇ ನೋಡಬಹುದು. ಆದರೆ ಆ ಸೆನ್ಸರ್ ಅಳೆಯುವುದು ನೀರನ್ನು. ಕಲ್ಲು ತಾಗಿ ಹೋಸ್ ಹರಿದು ನೀರೆಲ್ಲ ಚೆಲ್ಲಿಹೋದರೆ ಅದು ಬರಿಯ ಗಾಳಿಯಲ್ಲಿ ನೇತಾಡುತ್ತ ಸುಳ್ಳು ಹೇಳುತ್ತದೆ: ಹೆಡ್ ಕಾದು ಬಾಗುತ್ತಿದ್ದರೂ ಮುಳ್ಳು ಇಳಿಯಬಹುದು. ಇದಕ್ಕೆ ಮದ್ದು ಎರಡು. ಒಂದು, ಹೆಡ್‌ನ ಲೋಹಕ್ಕೇ ಬೋಲ್ಟಿನಿಂದ ಬಿಗಿದ ಸೆನ್ಸರು. ಇನ್ನೊಂದು, ಟ್ಯಾಂಕಿನಲ್ಲಿ ಮಟ್ಟ ಇಳಿದೊಡನೆ ಕೂಗುವ ಅಲಾರಂ. 1993ರಲ್ಲೇ ಕ್ಯಾಡಿಲಾಕ್‌ನ ನಾರ್ತ್‌ಸ್ಟಾರ್ ಪೆಟ್ರೋಲ್ ಎಂಜಿನ್ ನೀರು ಖಾಲಿಯಾದರೆ ಸಿಲಿಂಡರುಗಳಿಗೆ ಸರದಿಯಲ್ಲಿ ಪೆಟ್ರೋಲ್ ನಿಲ್ಲಿಸಿ, ಗಾಳಿಯಿಂದ ತಣಿಸಿಕೊಂಡು ಕುಂಟುತ್ತ ಮನೆ ಸೇರುವಂತಿತ್ತು. ಸಾಮಾನ್ಯ ಡೀಸೆಲ್ ಗಾಡಿಗೆ ಮಟ್ಟದ ಅಲಾರಂ ಕೂಡ ಎಲ್ಲ ಕಡೆ ಬಂದಿಲ್ಲ. ನನ್ನನ್ನು ಕೇಳಿದರೆ, ಅಂಕಿ ತೋರಿಸುವ ಗೇಜಿಗಿಂತ ಮೊದಲು ಹಾಕಿಸಬೇಕಾದದ್ದು ಇದನ್ನೇ.

2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದು ಬಿಸಿಯ ಪ್ರಶ್ನೆ ಸೈಲೆನ್ಸರಿನತ್ತಲೂ ಸರಿದಿದೆ. ಹೊಗೆಯ ಮಸಿ ಹಿಡಿಯುವ ಸೋಸುಕ ಡಿಪಿಎಫ್‌ಗೆ ತನ್ನಲ್ಲಿ ಸೇರಿದ ಮಸಿಯನ್ನು ಸುಡಲು 600 ಡಿಗ್ರಿಯ ಆಸುಪಾಸು ಬೇಕು; ಬಸವೇಶ್ವರನಗರದಿಂದ ವಿಜಯನಗರಕ್ಕೆ ಸಿಗ್ನಲ್ ಎಣಿಸುತ್ತ ಹೋಗುವ ಗಾಡಿಗೆ ಅಷ್ಟು ಓಟ ಸಿಗುವುದಿಲ್ಲ. ಹಾಗಾಗಿ ಒಂದೇ ಥಾರ್ ವಾರವಿಡೀ ಸಾಕಷ್ಟು ಬಿಸಿಯಾಗದೆ ಮಸಿ ಕಟ್ಟಿಕೊಂಡು, ಭಾನುವಾರ ಸಕಲೇಶಪುರದ ಕೆಸರಿನಲ್ಲಿ ಅತಿ ಬಿಸಿಯಾಗಬಹುದು. ಮೊದಲನೆಯದಕ್ಕೆ ಮದ್ದು ನೈಸ್ ರಸ್ತೆಯಲ್ಲಿ ಅರ್ಧ ಗಂಟೆಯ ಸಮವೇಗದ ಓಟ. ಎರಡನೆಯದಕ್ಕೆ ಕೆಸರು ಒಣಗುವ ಮುಂಚೆಯೇ ರೇಡಿಯೇಟರಿನ ರೆಕ್ಕೆಗಳನ್ನು ಒಳಗಡೆಯಿಂದ ಹೊರಕ್ಕೆ ಸಣ್ಣ ಧಾರೆಯಲ್ಲಿ ತೊಳೆಯುವುದು. ಸರ್ವಿಸ್ ಸ್ಟೇಷನ್ನಿನ ಜೋರು ಪ್ರೆಷರ್ ಹೊಡೆದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.