ಅಮೃತಾಪುರದ ಗೋಡೆಯನ್ನು ಓದುವ ಬಗೆ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹಾಗೂ ತರೀಕೆರೆ ಸೀಮೆಯ ಅಮೃತಾಪುರ, ಈ ಎರಡು ಊರುಗಳ ಹೆಸರು ಇಂದು ಜೊತೆಯಾಗಿ ಕೇಳಿಬರುವುದು ಒಂದು ಏತ ನೀರಾವರಿ ಯೋಜನೆಯ ಕಾರಣದಿಂದ. ಭದ್ರೆಯ ನೀರನ್ನು ಮೇಲೆತ್ತಿ ಕೆರೆಗಳನ್ನು ತುಂಬಿಸುವ ಆ ಯೋಜನೆ ಜಿಲ್ಲೆಗಳ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಿದ್ವತ್ತು ಮಾತ್ರ ಗಡಿಗಳಿಗೆ ವಿಧೇಯವಾಗಿಯೇ ನಡೆದುಬಂದಿದೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತರೀಕೆರೆಯ ಶಾಸನಗಳು ಕಡೂರು ಜಿಲ್ಲೆಯ 6ನೆಯ ಸಂಪುಟಕ್ಕೂ (1901), ಚನ್ನಗಿರಿಯವು ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟಕ್ಕೂ (1902) ಸೇರಿಹೋದವು. ಊರುಗಳು ಹೀಗೆ ಬೇರೆಬೇರೆ ಸಂಪುಟಗಳಿಗೆ ಹಂಚಿಹೋದದ್ದು ದೊಡ್ಡ ನಷ್ಟವೇನಲ್ಲ. ಒಂದೇ ಅಂಗಳದಲ್ಲಿರುವ ಕಾವ್ಯವೂ ಕಟ್ಟಡವೂ ಬೇರೆಬೇರೆ ವಿಭಾಗಗಳಿಗೆ ಹಂಚಿಹೋದದ್ದು ಮಾತ್ರ ನಿಜವಾದ ನಷ್ಟ.

ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯ. ಅಲ್ಲಿಯ ದೊಡ್ಡ ಶಿಲಾಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಜೈನಕವಿ, ಮುಂದೆ 'ಯಶೋಧರಚರಿತೆ'ಯನ್ನೂ (1209) 'ಅನಂತನಾಥಪುರಾಣ'ವನ್ನೂ (1230) ಬರೆದವನು. ಶಿವಾಲಯದ ಬಾಗಿಲಲ್ಲಿ ಜೈನಕವಿಯ ಪದ್ಯಗಳು ನಿಂತಿವೆ ಎಂಬ ಸಂಗತಿಯನ್ನು ಅಂದಿನ ಮತಸಾಮರಸ್ಯದ ಸಾಕ್ಷಿಯಾಗಿ ಉಲ್ಲೇಖಿಸುವುದು ವಾಡಿಕೆ. ಅದು ಸರಿಯೇ. ಆದರೆ ಉಲ್ಲೇಖ ಅಷ್ಟಕ್ಕೇ ನಿಲ್ಲುತ್ತದೆ. ಕನ್ನಡ ವಿದ್ಯಾರ್ಥಿ ಆ ಶಾಸನವನ್ನು ಅಚ್ಚಿನ ಪುಟದಲ್ಲಿ ಓದುತ್ತಾನೆ. ಇತಿಹಾಸದ ವಿದ್ಯಾರ್ಥಿ ದೇವಾಲಯದ ಶಿಲ್ಪಫಲಕಗಳನ್ನು ಎಣಿಸುತ್ತಾನೆ. ಶಾಸನಕ್ಕೂ ಫಲಕಗಳಿಗೂ ಆಸರೆಯಾಗಿರುವ ಕಟ್ಟಡವನ್ನು ಒಂದು ಕಲಾಕೃತಿಯಾಗಿ ಓದುವವರು ವಿರಳ.

ಈ ಅಲಕ್ಷ್ಯಕ್ಕೆ 'ವಾಸ್ತುಶಿಲ್ಪ' ಎಂಬ ಸಮಸ್ತಪದವೇ ಒಂದು ಕಾರಣವಾಗಿರಬಹುದು. ಕೇಳುವವರ ಕಿವಿಯಲ್ಲಿ ಉತ್ತರಪದ ಮಾತ್ರ ಉಳಿಯುತ್ತದೆ. ಹೊಯ್ಸಳ ದೇವಾಲಯ ಎಂದೊಡನೆ ಮದನಿಕೆ, ಆನೆಗಳ ಸಾಲು, ಪುರಾಣಕಥನ ನೆನಪಾಗುತ್ತವೆ. ಅಧಿಷ್ಠಾನ, ಭಿತ್ತಿ, ಶಿಖರಗಳು ಶಿಲ್ಪವನ್ನು ತೂಗುಹಾಕಿದ ಗೂಟಗಳಂತೆ ಕಾಣುತ್ತವೆ. 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೇಮ್ಸ್ ಫರ್ಗುಸನ್ ಹಳೇಬೀಡಿನ ದೇವಾಲಯವನ್ನೂ ಅಥೆನ್ಸಿನ ಪಾರ್ಥೆನಾನನ್ನೂ ವಾಸ್ತುಕಲೆಯ ಎರಡು ವಿರುದ್ಧ ಧ್ರುವಗಳೆಂದು ಕಂಡ. ಅದು ಮೆಚ್ಚುಗೆಯ ಮಾತೇ. ಆದರೆ ಆ ಬಳಿಕ ಹೊಯ್ಸಳ ದೇವಾಲಯವೆಂದರೆ ಅಲಂಕಾರದ ಅತಿಶಯ ಎಂಬ ಒಂದೇ ಮಾತು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಹರಿದುಬಂತು.

ಅಮೃತಾಪುರದ ಮಹತ್ತ್ವವಿರುವುದು ಇಲ್ಲಿಯೇ. ಇದರ ವಿಮಾನದ ಹೊರಭಿತ್ತಿಯಲ್ಲಿ, ಹೊಯ್ಸಳ ದೇವಾಲಯಗಳಲ್ಲಿ ಸಾಮಾನ್ಯವಾದ ದೇವತಾಮೂರ್ತಿಗಳ ಸಾಲು ಇಲ್ಲ. ತಳದಲ್ಲಿ ಹಳೆಯ ಪದ್ಧತಿಯ ಐದು ಪಟ್ಟಿಕೆಗಳ ಅಧಿಷ್ಠಾನ. ಅದರ ಮೇಲೆ ಅರೆಗಂಬಗಳು, ಕಿರುಶಿಖರಗಳು. ಅವುಗಳ ಮೇಲೆ ಕೀರ್ತಿಮುಖಗಳಿಂದ ತುಂಬಿದ ಮೂಲ ಶಿಖರ. ಮೂರ್ತಿಯನ್ನು ಹುಡುಕುವ ಕಣ್ಣಿಗೆ ಇದೊಂದು ಕೊರತೆ. ಕಟ್ಟಡವನ್ನು ಓದಬಯಸುವ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗದು. ಕಥೆಯಾಗಲಿ ಪ್ರತಿಮಾಲಕ್ಷಣವಾಗಲಿ ಇಲ್ಲಿ ನೆರವಿಗೆ ಬರುವುದಿಲ್ಲ. ರೇಖೆ, ಉಬ್ಬು, ತಗ್ಗು, ನೆರಳು ಇವುಗಳ ಸಂಬಂಧವನ್ನೇ ನೋಡಬೇಕಾಗುತ್ತದೆ.

ಅದನ್ನು ನೋಡುವ ಕ್ರಮವನ್ನು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೆಲವು ವಿದ್ವಾಂಸರು ರೂಪಿಸಿದರು. ಎಂ. ಎ. ಢಾಕಿ 1977ರ ತಮ್ಮ ಕೃತಿಯಲ್ಲಿ, ದೇವಾಲಯಗಳ ಪ್ರಭೇದಗಳನ್ನು ಹೇಳುವ ಕರ್ಣಾಟಕದ ಶಾಸನೋಕ್ತಿಗಳನ್ನು ಕಟ್ಟಡಗಳೊಡನೆ ಹೋಲಿಸಿ ನೋಡಿದರು. ಆಡಂ ಹಾರ್ಡಿ 1995ರಲ್ಲಿ ಕರ್ಣಾಟ-ದ್ರಾವಿಡ ಪರಂಪರೆಯನ್ನು ಕುರಿತ ಗ್ರಂಥದಲ್ಲಿ ದೇವಾಲಯವನ್ನು ಕಿರುಗುಡಿಗಳ ಸಮೂಹವಾಗಿ ಕಂಡರು. ಗೆರಾರ್ಡ್ ಫುಕೆಮಾ ಹೊಯ್ಸಳ ದೇವಾಲಯಗಳನ್ನು ಕುರಿತ ತಮ್ಮ ಎರಡು ಪುಸ್ತಕಗಳಲ್ಲಿ (1994, 1996) ಇದೇ ದೃಷ್ಟಿಯನ್ನು ಸಾಮಾನ್ಯ ಸಂದರ್ಶಕನಿಗೂ ನಿಲುಕುವಂತೆ ವಿವರಿಸಿದರು. ಹಾರ್ಡಿಯವರ ವಿಧಾನದ ಜೀವಾಳ ರೇಖಾಚಿತ್ರ. ಗುಡಿಯನ್ನು ಕೈಯಿಂದ ಬರೆಯುತ್ತ ಹೋದಂತೆ, ಒಂದೇ ಗೋಡೆಯಾಗಿ ಕಂಡದ್ದು ಪರಸ್ಪರ ಒತ್ತರಿಸಿ ನಿಂತ ಅನೇಕ ಪುಟ್ಟ ಗುಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಚೌಕ ತಲೆಯ ಕೂಟ, ಉದ್ದ ಮಾಳಿಗೆಯ ಶಾಲೆ, ಲಾಳಾಕಾರದ ಮುಖವುಳ್ಳ ಪಂಜರ ಇವು ಆ ಪುಟ್ಟ ಗುಡಿಗಳು. ಅವು ಒಂದರೊಳಗಿಂದ ಒಂದು ಹೊರಹೊಮ್ಮುತ್ತ, ಗರ್ಭಗೃಹದಿಂದ ನಾಲ್ಕೂ ದಿಕ್ಕಿಗೆ ಹರಡುತ್ತವೆ.

ಕನ್ನಡ ವಿದ್ಯಾರ್ಥಿಗೆ ಈ ದಾರಿ ಅಪರಿಚಿತವಾಗಬೇಕಿಲ್ಲ. ಅದರ ಉಪಕರಣಗಳು ಅವನ ಕೈಯಲ್ಲಿ ಆಗಲೇ ಇವೆ. 'ಶಬ್ದಮಣಿದರ್ಪಣ'ದ ಕೇಶಿರಾಜ ಜನ್ನನ ಸೋದರಳಿಯ. ಅವನ ವ್ಯಾಕರಣವನ್ನು ಓದಿದವರಿಗೆ ಲೋಪ, ಆಗಮ, ಆದೇಶಗಳು ಗೊತ್ತು. ಎರಡು ಪದಗಳು ಕೂಡುವಲ್ಲಿ ಒಂದು ವರ್ಣ ಮರೆಯಾಗುತ್ತದೆ, ಇಲ್ಲವೆ ಹೊಸದೊಂದು ಬಂದು ಸೇರುತ್ತದೆ, ಇಲ್ಲವೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ. ಹೊಯ್ಸಳ ಭಿತ್ತಿಯಲ್ಲಿಯೂ ಎರಡು ಕಿರುಗುಡಿಗಳು ಕೂಡುವ ಎಡೆಯನ್ನು ಹೀಗೆಯೇ ಪರೀಕ್ಷಿಸಬಹುದು. ಮುಂದೆ ಚಾಚಿದ ಗುಡಿ ಹಿಂದಿನದರ ಅರ್ಧವನ್ನು ನುಂಗಿದ್ದರೆ ಅದು ಲೋಪ. ಎರಡು ಚಾಚುಗಳ ನಡುವಣ ಒಳಸರಿತದಲ್ಲಿ ಒಂಟಿ ಅರೆಗಂಬವೊಂದು ಬಂದು ನಿಂತಿದ್ದರೆ ಅದು ಆಗಮ. ದ್ರಾವಿಡ ಕಿರುಶಿಖರ ಇರಬೇಕಾದಲ್ಲಿ ನಾಗರ ಶಿಖರ ಕಂಡರೆ ಅದು ಆದೇಶ. ಈ ಹೋಲಿಕೆಗೆ ಮಿತಿಯುಂಟು. ಪದಕ್ಕೆ ಅರ್ಥವಿರುವಂತೆ ಕೂಟಕ್ಕಾಗಲಿ ಪಂಜರಕ್ಕಾಗಲಿ ಅರ್ಥವಿಲ್ಲ. ಆದರೂ ಸಂಧಿಯಲ್ಲಿ ಏನಾಗಿದೆ ಎಂದು ಕೇಳುವ ಅಭ್ಯಾಸವೇ ಕಣ್ಣನ್ನು ಗೋಡೆಯ ಮೇಲೆ ನಿಲ್ಲಿಸುತ್ತದೆ. ಕಲಿಕೆಯ ಮೊದಲ ಮೆಟ್ಟಿಲು ಅದೇ.

ಛಂದಸ್ಸೂ ಇಲ್ಲಿ ನೆರವಾಗುತ್ತದೆ. ನಾಲ್ಕು ಅವತಾರಗಳ 'ಯಶೋಧರಚರಿತೆ'ಯ ಬಹುಭಾಗ ಕಂದಪದ್ಯಗಳಲ್ಲಿದೆ. ಒಂದೇ ಕಿರಿಯ ಘಟಕ ಮತ್ತೆಮತ್ತೆ ಬಂದರೂ ಕಾವ್ಯ ಏಕತಾನವಾಗದಿರುವುದು, ಪ್ರತಿ ಕಂದದ ಒಳಗೆ ನಿಲುಗಡೆಯೂ ನಡೆಯೂ ಬದಲಾಗುತ್ತ ಹೋಗುವುದರಿಂದ. ಶಿಖರದ ಒಂದೊಂದು ತಲವೂ ಕೆಳಗಿನದರ ಪುನರುಕ್ತಿ. ಆದರೆ ಮೇಲೇರಿದಂತೆ ಅಳತೆ ಕುಗ್ಗುತ್ತದೆ, ವಿವರ ಕರಗುತ್ತದೆ, ನೋಟ ವೇಗ ಪಡೆಯುತ್ತದೆ. ಪುನರುಕ್ತಿ ದೋಷವೋ ಗುಣವೋ ಎಂಬ ಕಾವ್ಯಮೀಮಾಂಸೆಯ ಪ್ರಶ್ನೆಗೆ ಉತ್ತರ ಹುಡುಕಲು ಈ ಶಿಖರದ ಕೆಳಗಿನ ಅಂಗಳ ಒಳ್ಳೆಯ ತರಗತಿ.

ಶಿಲ್ಪವಿರುವ ಕಡೆಯಲ್ಲಿಯೂ ಕಟ್ಟಡದ ಮಾತೇ ಮೇಲಾಗಿರುವುದಕ್ಕೆ ಇಲ್ಲಿ ಸಾಕ್ಷಿಯಿದೆ. ಇಪ್ಪತ್ತೊಂಬತ್ತು ಅಂಕಣಗಳ ತೆರೆದ ಮಂಟಪದ ಹೊರಜಗುಲಿಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಉತ್ತರದಲ್ಲಿ ಕೃಷ್ಣಕಥೆಯ 25, ಭಾರತದ 45. ಉತ್ತರದ ಕಥನ ವಾಡಿಕೆಯಂತೆ ಪ್ರದಕ್ಷಿಣವಾಗಿ ಸಾಗಿದರೆ, ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಇದನ್ನು ವೈಚಿತ್ರ್ಯವೆಂದು ಗುರುತಿಸಿ ಮುಂದೆ ಹೋಗುವುದುಂಟು. ಆದರೆ ದೇವಾಲಯದ ತಳವಿನ್ಯಾಸವನ್ನು ಬರೆದು ಎರಡು ಬಾಣಗುರುತು ಹಾಕಿದರೆ ವಿಚಾರ ತಿಳಿಯಾಗುತ್ತದೆ. ಒಂದು ಪ್ರದಕ್ಷಿಣ, ಎದುರು ಬದಿಯದು ಅಪ್ರದಕ್ಷಿಣ. ಆದ್ದರಿಂದ ಎರಡೂ ಕಥನಗಳು ಕಟ್ಟಡದ ಅಕ್ಷಕ್ಕೆ ಸಮಾನಾಂತರವಾಗಿ ಒಂದೇ ದಿಕ್ಕಿಗೆ ನಡೆಯುತ್ತವೆ. ಪ್ರದಕ್ಷಿಣೆಯ ರೂಢಿಗಿಂತ ಮಂಟಪದ ಎಡಬಲಗಳ ಸಮತೆಯೇ ಇಲ್ಲಿ ಪ್ರಬಲವಾಗಿ ಕೆಲಸ ಮಾಡಿದಂತಿದೆ. ಉಪನ್ಯಾಸದಿಂದ ಹೊಳೆಯದ ಈ ಅಂಶ ಒಂದು ಹಾಳೆ, ಒಂದು ಪೆನ್ಸಿಲಿನಿಂದ ಹೊಳೆಯುತ್ತದೆ.

ಕಟ್ಟಿದವರು ಕಲಿತದ್ದೂ ಕೈಯಿಂದಲೇ. ಹಡಗಲಿ ಸೀಮೆಯ ಹೊಳಲಿನ ಅಮೃತೇಶ್ವರ ಗುಡಿಯ ಬೋದಿಗೆಯೊಂದರ ಮೇಲಿನ ಶಾಸನ, ಸೋಗೆಯ ಪದೋಜನ ಶಿಷ್ಯ ಬಮ್ಮೋಜನನ್ನು ಅರವತ್ತನಾಲ್ಕು ಕಲೆಗಳಲ್ಲಿ ನಿಪುಣನೆಂದೂ ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಬಲ್ಲವನೆಂದೂ ಹೊಗಳುತ್ತದೆ. ಗುರುವಿನ ಹೆಸರು, ಶಿಷ್ಯನ ಹೆಸರು, ಕಲಿತ ವಿದ್ಯೆಯ ಪಟ್ಟಿ ಮೂರೂ ಒಂದು ಕಂಬದ ತಲೆಯ ಮೇಲಿವೆ. ಅಮೃತಾಪುರದ್ದೂ ಇಂಥದೇ ಕಥೆ. ಸೋಮನಾಥಪುರದಲ್ಲಿ ಹೆಸರಾದ ರೂವಾರಿ ಮಲ್ಲಿತಮ್ಮ ತನ್ನ ವೃತ್ತಿಯನ್ನು ಆರಂಭಿಸಿದ್ದು ಇಲ್ಲಿಯ ಮಂಟಪದ ಆಳವಾದ ಭುವನೇಶ್ವರಿಗಳಲ್ಲಿ ಎಂಬುದು ವಿದ್ವಾಂಸರ ಅಭಿಪ್ರಾಯ. ಮೊದಲ ಪಾಠಕ್ಕೆ ಸಿಕ್ಕಿದ್ದು ಮೂರ್ತಿಯಲ್ಲ, ಛಾವಣಿ ಎಂಬುದು ಗಮನಾರ್ಹ. ಕೆಳಗೆ ತಿರುಗಣೆಯಲ್ಲಿ ಕಡೆದು ಹೊಳಪಿಟ್ಟ ಕಂಬಗಳು, ಮೇಲೆ ಸುತ್ತುಸುತ್ತಾಗಿ ಒಳಸರಿಯುವ ಕಲ್ಲಿನ ಬಳೆಗಳು. ಇವುಗಳ ನಡುವೆ ಅಂಕಣವೆಂಬ ಶೂನ್ಯವನ್ನು ರೂಪಿಸುವುದೇ ವಾಸ್ತು.

ಆ ಶೂನ್ಯದ ಪಾಠವನ್ನು ಪೂರ್ಣಗೊಳಿಸಲು ಉಬ್ರಾಣಿಯ ಇನ್ನೊಂದು ಬದಿಗೆ, ಅದೇ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಬೇಕು. ಹದಿನಾರನೆಯ ಶತಮಾನದಲ್ಲಿ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಣಿಯಲ್ಲಿ ಕಟ್ಟಡ ಮೇಲೇರುವುದಿಲ್ಲ, ಕೆಳಗಿಳಿಯುತ್ತದೆ. ಸೋಪಾನಗಳ ಅಡ್ಡಗೆರೆಗಳು ನೀರಿನ ಮಟ್ಟಕ್ಕೆ ಇಳಿದು, ನಡುವಣ ವಸಂತಮಂಟಪದಲ್ಲಿ ಮತ್ತೆ ಮೇಲೇಳುತ್ತವೆ. ಹಿಂದೂ ಮತ್ತು ಇಸ್ಲಾಮೀ ಶೈಲಿಗಳ ಬೆರಕೆಯೆಂದು ಇದನ್ನು ವರ್ಗೀಕರಿಸುವುದು ಸುಲಭ. ಕೊಳದ ಖಾಲಿಯೇ ಇಲ್ಲಿ ಮುಖ್ಯ ಕೃತಿ, ಕಲ್ಲು ಅದರ ಅಂಚು ಮಾತ್ರ ಎಂದು ಕಾಣುವುದಕ್ಕೆ ಮೆಟ್ಟಿಲಿಳಿದು ತಲೆಯೆತ್ತಿ ನೋಡಬೇಕು.

ಕಾವ್ಯವನ್ನೂ ಕಟ್ಟಡವನ್ನೂ ಒಟ್ಟಿಗೆ ನೋಡುವ ಕ್ರಮ ಕನ್ನಡಕ್ಕೆ ಹೊಸದಲ್ಲ. ಸುಮಾರು 1180ರ ಶ್ರವಣಬೆಳಗೊಳದ ಶಾಸನದಲ್ಲಿ ಬೊಪ್ಪಣಪಂಡಿತ ಗೊಮ್ಮಟನನ್ನು ಸ್ತುತಿಸುವಾಗ ಔನ್ನತ್ಯ, ಸೌಂದರ್ಯ, ಅತಿಶಯ ಎಂಬ ಮೂರು ಗುಣಗಳು ಒಂದೆಡೆ ಕೂಡುವುದರ ಕಷ್ಟವನ್ನು ಎತ್ತಿ ಆಡುತ್ತಾನೆ. ಭಕ್ತಿಯ ಜೊತೆಗೆ ಅಲ್ಲಿ ಕಲಾವಿಮರ್ಶೆಯ ತಕ್ಕಡಿಯೂ ಇದೆ. ಆಧುನಿಕ ಕಾಲದಲ್ಲಿ 'ಕರ್ಣಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರೂ ಆಗಿದ್ದು, ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಯ ದೇವಾಲಯಗಳ ಮೇಲೆ ಪುಸ್ತಕಗಳನ್ನು ಬರೆದರು. ಕವಿಯ ಕಾಲನಿರ್ಣಯವನ್ನೂ ಶಿಖರದ ವರ್ಣನೆಯನ್ನೂ ಮಾಡಿದ ಕೈ ಒಂದೇ. ಅವರ ನಂತರದ ವಿಶೇಷಜ್ಞತೆ ಎರಡು ಕ್ಷೇತ್ರಗಳನ್ನೂ ಆಳಗೊಳಿಸಿತು, ನಡುವಣ ಬಾಗಿಲನ್ನು ಮುಚ್ಚಿತು.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅಮೃತಾಪುರ ಆ ಪಟ್ಟಿಯಲ್ಲಿಲ್ಲ. ಜನಸಂದಣಿಯಿಲ್ಲದಿರುವುದು ಪಾಠಕ್ಕೆ ಅನುಕೂಲವೇ. ಕನ್ನಡ ಸ್ನಾತಕೋತ್ತರ ತರಗತಿಯೊಂದು ಜನ್ನನ ಶಾಸನವನ್ನು ಅದರ ಎದುರಿಗೇ ಓದಿ, ಬಳಿಕ ವಿಮಾನದ ಒಂದು ಮೂಲೆಯನ್ನು ಮಾತ್ರ ಬರೆದು, ಎಲ್ಲಿ ಲೋಪ, ಎಲ್ಲಿ ಆಗಮ ಎಂದು ಚರ್ಚಿಸಲು ಒಂದು ದಿನ ಸಾಕು. ಚಿತ್ರ ಚೆನ್ನಾಗಿ ಬರಬೇಕೆಂಬ ನಿಯಮವಿಲ್ಲ. ಕಣ್ಣು ಎಲ್ಲಿ ತಪ್ಪಿತೆಂಬುದನ್ನು ಗೆರೆ ತಾನೇ ತೋರಿಸುತ್ತದೆ. ಹಾಗೆ ಓದಿದವರಿಗೆ ಜನ್ನನ ಪದ್ಯಗಳು ಕಟ್ಟಡದ ಬಗೆಗಿನ ಮಾಹಿತಿಯಾಗಿ ಉಳಿಯುವುದಿಲ್ಲ. ಅದೇ ಕಟ್ಟಡದ ಮತ್ತೊಂದು ಅಂಗವಾಗಿ, ಮಂಟಪ ಮತ್ತು ಶಿಖರಗಳ ಜೊತೆಗೆ ಕೇಳಿಸುತ್ತವೆ.